ರೆಸಾರ್ಟ್ ಬುಕಿಂಗ್‌ನಲ್ಲಿ ಹೆಸರು ಬದಲಾವಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆಯ ಪ್ರವಾಸಕ್ಕೆ ತಿಂಗಳುಗಳ ಮೊದಲೇ ಕೋಣೆ ಕಾದಿರಿಸುವವರು ಹೆಚ್ಚಾಗಿದ್ದಾರೆ. ಅಷ್ಟು ಮುಂಚಿತವಾಗಿ ಕಾದಿರಿಸಿದ ಮೇಲೆ ಹೊರಡುವ ಹೊತ್ತಿಗೆ ಹೋಗುವವರೇ ಬದಲಾಗುವುದೂ ಸಹಜ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯವನ್ನು ಕುರಿತವಾದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾವು ದಂಪತಿ ಮತ್ತು ನನ್ನ ಅಕ್ಕ, ಭಾವ ಒಟ್ಟಿಗೆ ಹೋಗುವುದೆಂದು ಒಂದು ರೆಸಾರ್ಟ್‌ನಲ್ಲಿ ಎರಡು ಕೋಣೆಗಳನ್ನು ಬುಕಿಂಗ್ ವೆಬ್‌ಸೈಟ್‌ವೊಂದರ ಮೂಲಕ ಕಾದಿರಿಸಿದ್ದೆವು. ಎರಡೂ ಕೋಣೆಗಳು ಭಾವನವರ ಹೆಸರಿನಲ್ಲಿವೆ, ಹಣವೂ ಅವರ ಕಾರ್ಡ್‌ನಿಂದಲೇ ಹೋಗಿದೆ. ರದ್ದು ಮಾಡಿದರೆ ಹಣ ವಾಪಸ್ ಬರದ ದರ ಅದು. ಈಗ ಅಕ್ಕ, ಭಾವ ಇಬ್ಬರಿಗೂ ಬರಲಾಗುತ್ತಿಲ್ಲ. ಅವರ ಬದಲು ನನ್ನ ನಾದಿನಿ ಮತ್ತು ಅವಳ ಗಂಡ ಬರಬಹುದೇ? ವೆಬ್‌ಸೈಟ್‌ನಲ್ಲಿ ಹೆಸರು ಬದಲಿಸುವ ಅವಕಾಶವೇ ಕಾಣುತ್ತಿಲ್ಲ. ರದ್ದು ಮಾಡಿ ಹೊಸದಾಗಿ ಕಾದಿರಿಸಬೇಕೇ?

ಉತ್ತರ: ದಯವಿಟ್ಟು ರದ್ದು ಮಾಡಬೇಡಿ. ಹಣ ವಾಪಸಾಗದ ದರದಲ್ಲಿ ಪಡೆದ ಕೋಣೆಯನ್ನು ಒಮ್ಮೆ ರದ್ದು ಮಾಡಿಬಿಟ್ಟರೆ, ಆ ಬುಕಿಂಗ್‌ಗೆ ಮತ್ತೆ ಜೀವ ಕೊಡುವುದು ಪೂರ್ತಿಯಾಗಿ ರೆಸಾರ್ಟಿನವರ ಮರ್ಜಿಗೆ ಬಿಟ್ಟ ವಿಷಯವಾಗುತ್ತದೆ. ಬುಕಿಂಗ್ ಉಳಿದಿರುವವರೆಗೆ ನಿಮ್ಮ ಕೈಯಲ್ಲಿ ಹಣ ಸಂದಾಯವಾದ ಒಪ್ಪಂದವೊಂದಿದೆ; ಕೋಣೆ, ದಿನಾಂಕ, ದರ ಯಾವುದನ್ನೂ ಮುಟ್ಟದೆ ತಂಗುವವರ ಹೆಸರನ್ನಷ್ಟೇ ತಿದ್ದಿಕೊಡಿ ಎಂದು ಕೇಳುವುದು ಸಾಮಾನ್ಯವಾಗಿ ಒಪ್ಪಿಗೆಯಾಗುವ ಕೋರಿಕೆ. ರೆಸಾರ್ಟಿಗೆ ಇದರಿಂದ ನಷ್ಟವಿಲ್ಲ; ಖಾಲಿ ಉಳಿಯುವ ಕೋಣೆಗಿಂತ ಜನರಿರುವ ಕೋಣೆಯೇ ಅವರಿಗೂ ಲಾಭ.

ಮೊದಲು ನಿಮ್ಮ ದೃಢೀಕರಣ ಪತ್ರವನ್ನು ತೆರೆದು ಅದರಲ್ಲಿ ಯಾರ್‍ಯಾರ ಹೆಸರು ಯಾವ ಪಾತ್ರದಲ್ಲಿದೆ ಎಂದು ನೋಡಿಕೊಳ್ಳಿ. ಬುಕಿಂಗ್ ಮಾಡಿದವರು, ಹಣ ಕೊಟ್ಟವರು, ಕೋಣೆಯಲ್ಲಿ ತಂಗುವ ಪ್ರಮುಖ ಅತಿಥಿ ಇವು ಬೇರೆ ಬೇರೆ ಪಾತ್ರಗಳು, ಮೂರೂ ಒಬ್ಬರೇ ಆಗಿರಬೇಕೆಂಬ ನಿಯಮವಿಲ್ಲ. ನಿಮ್ಮ ಭಾವನವರು ಈಗ ಮೂರೂ ಆಗಿದ್ದಾರೆ. ಅವರು ಬುಕಿಂಗ್ ಮಾಡಿದವರಾಗಿ ಮತ್ತು ಹಣ ಕೊಟ್ಟವರಾಗಿ ಹಾಗೆಯೇ ಉಳಿಯಲಿ; ಬದಲಾಗಬೇಕಾದದ್ದು ಪ್ರಮುಖ ಅತಿಥಿಯ ಹೆಸರು ಮಾತ್ರ. ಅದರಲ್ಲೂ ಒಂದು ಅನುಕೂಲವಿದೆ. ನೀವು ಮೊದಲಿನಿಂದಲೂ ತಂಗಬೇಕಿದ್ದವರೇ ಆದ್ದರಿಂದ ಎರಡೂ ಕೋಣೆಗಳಿಗೆ ನಿಮ್ಮನ್ನೇ ಪ್ರಮುಖ ಅತಿಥಿಯನ್ನಾಗಿ ಮಾಡಿ, ನಾದಿನಿ ಮತ್ತು ಅವಳ ಗಂಡನನ್ನು ಜೊತೆಗಿರುವ ಅತಿಥಿಗಳಾಗಿ ಸೇರಿಸುವಂತೆ ಕೇಳಿದರೆ, ಪೂರ್ತಿ ಹೊಸಬರಿಗೆ ಬುಕಿಂಗ್ ವರ್ಗಾಯಿಸಿ ಎನ್ನುವುದಕ್ಕಿಂತ ಅದು ಸುಲಭವಾಗಿ ನಡೆಯುವ ಕೆಲಸ.

ಈ ಕೋರಿಕೆ ಭಾವನವರಿಂದಲೇ, ಅವರು ಬುಕಿಂಗ್ ಮಾಡುವಾಗ ಕೊಟ್ಟಿದ್ದ ಇಮೇಲ್ ವಿಳಾಸದಿಂದಲೇ ವೆಬ್‌ಸೈಟಿನವರಿಗೆ ಹೋಗಬೇಕು. ನೀವು ಬರೆದರೆ ಅದನ್ನು ಒಪ್ಪದಿರುವುದು ಅವರ ಕರ್ತವ್ಯ, ಏಕೆಂದರೆ ಬೇರೆಯವರ ಕೋಣೆಯನ್ನು ಯಾರೋ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದನ್ನು ತಡೆಯಲು ಇರುವ ಮುಖ್ಯ ಬೇಲಿ ಅದು. ಪತ್ರದ ಒಕ್ಕಣೆ ಹೀಗಿರಲಿ: ‘ತಂಗುವ ದಿನಾಂಕ, ಕೋಣೆಗಳ ಸಂಖ್ಯೆ, ಅತಿಥಿಗಳ ಸಂಖ್ಯೆ, ದರ ಇವುಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ಈ ಕೆಳಗಿನ ಇಬ್ಬರ ಬದಲು ಈ ಇಬ್ಬರು ತಂಗಲಿದ್ದಾರೆ. ಈಗಿರುವ ಬುಕಿಂಗ್ ಅನ್ನು ರದ್ದು ಮಾಡದೆ ಅದರಲ್ಲಿಯೇ ಹೆಸರು ತಿದ್ದಿ, ಪರಿಷ್ಕೃತ ದೃಢೀಕರಣ ಕಳುಹಿಸಿ. ಶುಲ್ಕವೇನಾದರೂ ಇದ್ದರೆ ತಿದ್ದುವ ಮೊದಲೇ ತಿಳಿಸಿ.’ ಇದರಲ್ಲಿ ರದ್ದು ಮಾಡದೆ ಎಂಬ ಮಾತನ್ನು ಬಿಡಲೇಬೇಡಿ. ಕೆಲವು ಕಡೆ ಹೆಸರು ಬದಲಾಯಿಸುವುದೆಂದರೆ ಹಳೆಯದನ್ನು ರದ್ದು ಮಾಡಿ ಆ ದಿನದ ದರದಲ್ಲಿ ಹೊಸದನ್ನು ಮಾಡುವುದೇ ಆಗಿರುತ್ತದೆ. ಗ್ರಾಹಕ ಸೇವೆಯ ಸಿಬ್ಬಂದಿ ಫೋನಿನಲ್ಲಿ ಸರಿ ಮಾಡಿಕೊಡುತ್ತೇವೆ ಎಂದಾಗ ಅವರು ಹೇಳುತ್ತಿರುವುದು ತಿದ್ದುಪಡಿಯೋ ಮರುಬುಕಿಂಗೋ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳದಿದ್ದರೆ ವ್ಯತ್ಯಾಸದ ಹಣವೆಲ್ಲ ನಿಮ್ಮ ತಲೆಗೆ ಬರುತ್ತದೆ.

ನೀವು ವೆಬ್‌ಸೈಟ್ ಮೂಲಕ ಕಾದಿರಿಸಿರುವುದರಿಂದ ನಿಮ್ಮ ಬುಕಿಂಗ್ ಎರಡು ಕಡೆ ದಾಖಲಾಗಿದೆ: ಒಂದು ವೆಬ್‌ಸೈಟಿನವರ ಬಳಿ, ಇನ್ನೊಂದು ರೆಸಾರ್ಟಿನ ಸ್ವಂತ ಗಣಕ ವ್ಯವಸ್ಥೆಯಲ್ಲಿ. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ತಾನಾಗಿಯೇ ತಲುಪುತ್ತದೆಂಬ ಭರವಸೆ ಇಲ್ಲ. ನೇರವಾಗಿ ರೆಸಾರ್ಟಿಗೆ ಫೋನ್ ಮಾಡಿದರೆ, ನೀವು ಯಾರ ಮೂಲಕ ಕಾದಿರಿಸಿದಿರೋ ಅವರನ್ನೇ ಕೇಳಿ ಎನ್ನುವುದು ರೂಢಿ. ಅದರಲ್ಲಿ ತಪ್ಪೂ ಇಲ್ಲ, ಏಕೆಂದರೆ ವೆಬ್‌ಸೈಟಿನ ದಾಖಲೆಯನ್ನು ತಿದ್ದುವ ಅಧಿಕಾರ ಅವರಿಗಿರುವುದಿಲ್ಲ. ಹಾಗಾಗಿ ಮೊದಲು ವೆಬ್‌ಸೈಟಿನವರಿಂದ ಪರಿಷ್ಕೃತ ದೃಢೀಕರಣ ಪಡೆಯಿರಿ. ಆಮೇಲೆ ರೆಸಾರ್ಟಿನ ರಿಸರ್ವೇಶನ್ ವಿಭಾಗಕ್ಕೆ ಕರೆ ಮಾಡಿ, ‘ನಿಮ್ಮ ಪರದೆಯ ಮೇಲೆ ಯಾವ ಹೆಸರು ಕಾಣುತ್ತಿದೆ, ಒಮ್ಮೆ ಓದಿ ಹೇಳಿ’ ಎಂದು ಕೇಳಿ. ರಿಸೆಪ್ಷನ್‌ನಲ್ಲಿ ಕುಳಿತವರು ಬರುವ ಅತಿಥಿಗಳನ್ನು ಬಹುಮಟ್ಟಿಗೆ ಹುಡುಕುವುದು ಪ್ರಮುಖ ಅತಿಥಿಯ ಕುಟುಂಬದ ಹೆಸರಿನಿಂದ. ಅಲ್ಲಿ ಇನ್ನೂ ಭಾವನವರ ಹೆಸರೇ ಇದ್ದರೆ, ದೂರ ಪ್ರಯಾಣ ಮಾಡಿ ದಣಿದು ಬಂದ ನಿಮಗೆ ಸಿಗುವ ಉತ್ತರ ಈ ಹೆಸರಿನಲ್ಲಿ ಕೋಣೆಯೇ ಇಲ್ಲ ಎಂಬುದಾಗಿರುತ್ತದೆ. ರೆಸಾರ್ಟ್ ತನ್ನದೇ ಆದ ದೃಢೀಕರಣ ಸಂಖ್ಯೆಯನ್ನು ಕೊಡುವುದಾದರೆ ಅದನ್ನೂ ಬರೆದಿಟ್ಟುಕೊಳ್ಳಿ. ಅದು ವೆಬ್‌ಸೈಟ್ ಕೊಟ್ಟ ಸಂಖ್ಯೆಗಿಂತ ಬೇರೆಯಾಗಿರುತ್ತದೆ.

ಇನ್ನು ಕಾರ್ಡಿನ ವಿಷಯ. ಹಣವನ್ನು ವೆಬ್‌ಸೈಟೇ ಪಡೆದು ರೆಸಾರ್ಟಿಗೆ ಸಂದಾಯ ಮಾಡುವ ವ್ಯವಸ್ಥೆಯಾದರೆ ಭಾವನವರ ಕಾರ್ಡನ್ನು ಅಲ್ಲಿ ಯಾರೂ ಕೇಳುವುದಿಲ್ಲ. ರೆಸಾರ್ಟೇ ಅವರ ಕಾರ್ಡ್‌ನಿಂದ ಹಣ ತೆಗೆದುಕೊಳ್ಳುವ ವ್ಯವಸ್ಥೆಯಾದರೆ, ವಂಚನೆ ತಡೆಯಲೆಂದು ಚೆಕ್-ಇನ್ ವೇಳೆ ಅದೇ ಕಾರ್ಡ್ ತೋರಿಸಿ ಎನ್ನಬಹುದು. ಕಾರ್ಡ್‌ದಾರರು ಬರುತ್ತಿಲ್ಲವೆಂದು ಮುಂಚಿತವಾಗಿಯೇ ತಿಳಿಸಿ, ಅದಕ್ಕೆಂದೇ ಇರುವ ಒಪ್ಪಿಗೆ ಪತ್ರದ ನಮೂನೆಯನ್ನು ತರಿಸಿಕೊಳ್ಳಿ. ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಇಮೇಲ್‌ನಲ್ಲಿ ಕಳುಹಿಸಿ ಎಂದರೆ ಒಪ್ಪಬೇಡಿ; ಸುರಕ್ಷಿತ ಪಾವತಿ ಕೊಂಡಿ ಕೇಳಿ, ಇಲ್ಲವೇ ಅಲ್ಲಿ ನಿಮ್ಮ ಕಾರ್ಡ್‌ನಿಂದಲೇ ಹಣ ಕೊಟ್ಟು ಭಾವನವರ ಕಾರ್ಡಿನಲ್ಲಿ ರೆಸಾರ್ಟ್ ತಡೆಹಿಡಿದ ಹಣವನ್ನು ಬಿಡಿಸಿ.

ಕೊನೆಯದಾಗಿ, ಭಾವನವರು ಸದಸ್ಯರಿಗೆ ಮಾತ್ರ ಸಿಗುವ ದರದಲ್ಲಿಯೋ ತಮ್ಮ ಕಂಪನಿಯ ರಿಯಾಯಿತಿ ದರದಲ್ಲಿಯೋ ಕಾದಿರಿಸಿದ್ದರೆ, ಅವರು ಸ್ವತಃ ತಂಗಬೇಕೆಂಬ ಷರತ್ತು ಇರಬಹುದು. ಆಗ ಹೆಸರು ಬದಲಾದರೂ ದರ ಉಳಿಯದು.

ಪ್ರಶ್ನೆ: ಬುಕಿಂಗ್ ನನ್ನ ಹೆಸರಿನಲ್ಲಿಯೇ ಇದೆ, ನಾನೂ ಹೋಗುತ್ತಿದ್ದೇನೆ. ಜೊತೆಗೆ ಬರಬೇಕಿದ್ದ ಗೆಳತಿಯ ಬದಲು ಇನ್ನೊಬ್ಬಳು ಬರುತ್ತಾಳೆ. ಇದನ್ನೂ ತಿಳಿಸಬೇಕೇ? ಸುಮ್ಮನೆ ಹೋದರೆ ಆಗದೇ?

ಉತ್ತರ: ಬಹುತೇಕ ಕಡೆ ಕೋಣೆಯ ಕೀಲಿ ಸಿಗುತ್ತದೆ, ಆದರೂ ತಿಳಿಸಿಯೇ ಹೋಗಿ. ತಂಗುವವರ ವಿವರ ದಾಖಲಿಸುವುದು ಹಲವು ದೇಶಗಳಲ್ಲಿ ವಸತಿಗೃಹದವರ ಮೇಲಿರುವ ಕಾನೂನಿನ ಹೊಣೆ. ಯುರೋಪಿನ ಷೆಂಗೆನ್ ವಲಯದಲ್ಲಿ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ದೇಶಗಳ ಗುಂಪು) 1990ರ ಷೆಂಗೆನ್ ಒಡಂಬಡಿಕೆಯ 45ನೇ ವಿಧಿಯ ಪ್ರಕಾರ ವಿದೇಶಿ ಅತಿಥಿಗಳು ನೋಂದಣಿ ನಮೂನೆಯನ್ನು ಸ್ವತಃ ತುಂಬಿ ಸಹಿ ಮಾಡಿ ಗುರುತಿನ ದಾಖಲೆ ತೋರಿಸಬೇಕು. ಜೊತೆಯಲ್ಲಿರುವ ಗಂಡ ಅಥವಾ ಹೆಂಡತಿ, ಅಪ್ರಾಪ್ತ ಮಕ್ಕಳು, ಪ್ರವಾಸಿ ತಂಡದ ಸದಸ್ಯರಿಗೆ ಮಾತ್ರ ವಿನಾಯಿತಿ. ಗೆಳತಿಗೆ ಆ ವಿನಾಯಿತಿ ಅನ್ವಯಿಸದು. ಊಟ, ಪಾನೀಯ ಎಲ್ಲವೂ ಸೇರಿದ ದರದ ರೆಸಾರ್ಟುಗಳಲ್ಲಿ ಗುರುತಿಗಾಗಿ ಕೈಗೆ ಕಟ್ಟುವ ಬ್ಯಾಂಡನ್ನೂ ಅತಿಥಿಗಳ ಪಟ್ಟಿಯಲ್ಲಿರುವ ಹೆಸರು ನೋಡಿಯೇ ಕೊಡುತ್ತಾರೆ. ಬೆಂಕಿ ಬಿದ್ದರೆ, ಪ್ರವಾಹ ಬಂದರೆ ಯಾರು ಹೊರಬಂದಿದ್ದಾರೆ, ಯಾರು ಬಂದಿಲ್ಲ ಎಂದು ಎಣಿಸುವುದೂ ಅದೇ ಪಟ್ಟಿಯಿಂದ. ಒಂದು ಸಾಲಿನ ಇಮೇಲ್ ಸಾಕು.

ಗೆಳತಿಗೆ ವೀಸಾ ಬೇಕಿದ್ದರೆ ಮಾತ್ರ ವಿಷಯ ಇಷ್ಟು ಹಗುರವಲ್ಲ. ವಸತಿಯ ಪುರಾವೆಯಾಗಿ ಸಲ್ಲಿಸುವ ದೃಢೀಕರಣದಲ್ಲಿ ಅರ್ಜಿದಾರರ ಹೆಸರು ಇರಬೇಕಾದ್ದರಿಂದ, ಅರ್ಜಿ ಹಾಕುವ ಮೊದಲೇ ಅವರ ಹೆಸರು ಸೇರಿದ ಹೊಸ ಪತ್ರವನ್ನು ತರಿಸಿಕೊಳ್ಳಿ.

ಪ್ರಶ್ನೆ: ವಿಮಾನ, ರೆಸಾರ್ಟ್, ಅಲ್ಲಿ ಓಡಾಡಲು ಕಾರು ಎಲ್ಲವೂ ಸೇರಿದ ಪ್ಯಾಕೇಜನ್ನು ಇಬ್ಬರಿಗೆಂದು ಕೊಂಡಿದ್ದೇನೆ. ಜೊತೆಯವರ ಬದಲು ನನ್ನ ತಮ್ಮನನ್ನು ಕರೆದೊಯ್ಯಬೇಕು. ಏಜೆನ್ಸಿಯವರು ರೆಸಾರ್ಟಿನ ಹೆಸರು ಬದಲಿಸಲು ಸುಲಭ, ವಿಮಾನದ್ದು ಕಷ್ಟ ಎನ್ನುತ್ತಿದ್ದಾರೆ. ಇದು ನಿಜವೇ?

ಉತ್ತರ: ನಿಜ. ಕೋಣೆ ಎಂಬುದು ರೆಸಾರ್ಟ್ ಯಾರಿಗೆ ಬೇಕಾದರೂ ಕೊಡಬಹುದಾದ ಸ್ಥಳ. ವಿಮಾನದ ಟಿಕೆಟ್ ಹೆಸರಿಸಿದ ವ್ಯಕ್ತಿಗೆ ಮಾತ್ರ ಸಲ್ಲುವ ಒಪ್ಪಂದ, ಮತ್ತು ಹೆಚ್ಚಿನ ವಿಮಾನ ಸಂಸ್ಥೆಗಳ ಷರತ್ತುಗಳಲ್ಲಿ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಕೆಲವು ಅಗ್ಗದ ದರದ ಸಂಸ್ಥೆಗಳು ಶುಲ್ಕ ಪಡೆದು ಹೆಸರು ಬದಲಿಸಿಕೊಡುತ್ತವೆ, ಆ ಶುಲ್ಕ ಕೆಲವೊಮ್ಮೆ ಹೊಸ ಟಿಕೆಟ್ಟಿನ ಬೆಲೆಗೆ ಸಮೀಪವಾಗಿರುತ್ತದೆ. ಪ್ಯಾಕೇಜ್ ನಡೆಸುವವರೇ ಬಾಡಿಗೆಗೆ ಪಡೆದ ವಿಮಾನವಾದರೆ, ಪ್ರಯಾಣಿಕರ ಪಟ್ಟಿ ಅಂತಿಮವಾಗುವವರೆಗೆ ಬದಲಾವಣೆ ಬಹಳ ಸಲೀಸು. ಆದ್ದರಿಂದ ನಿಮ್ಮದು ನಿಗದಿತ ವೇಳೆಯ ಸಾಮಾನ್ಯ ವಿಮಾನವೋ ಬಾಡಿಗೆ ವಿಮಾನವೋ ಎಂದು ಮೊದಲು ಕೇಳಿ.

ಪ್ಯಾಕೇಜನ್ನು ಎಲ್ಲಿನ ಕಾನೂನಿನ ಅಡಿ ಕೊಂಡಿದ್ದೀರಿ ಎಂಬುದರ ಮೇಲೆ ನಿಮ್ಮ ಹಕ್ಕು ನಿಂತಿದೆ. ಯುರೋಪಿಯನ್ ಒಕ್ಕೂಟದಲ್ಲಿ 2015ರಲ್ಲಿ ಅಂಗೀಕಾರವಾಗಿ 2018ರ ಜುಲೈ 1ರಿಂದ ಅನ್ವಯವಾಗುತ್ತಿರುವ ಪ್ಯಾಕೇಜ್ ಪ್ರವಾಸ ನಿರ್ದೇಶನದ 9ನೇ ವಿಧಿ, ಷರತ್ತುಗಳನ್ನು ಪೂರೈಸುವ ಇನ್ನೊಬ್ಬರಿಗೆ ಪ್ಯಾಕೇಜನ್ನು ವರ್ಗಾಯಿಸುವ ಹಕ್ಕನ್ನು ಪ್ರಯಾಣಿಕರಿಗೆ ನೀಡಿದೆ. ಪ್ರವಾಸ ಆರಂಭವಾಗುವುದಕ್ಕೆ ಕನಿಷ್ಠ 7 ದಿನ ಮೊದಲು ಇಮೇಲ್‌ನಂತಹ ಉಳಿಯುವ ರೂಪದಲ್ಲಿ ತಿಳಿಸಿದರೆ ಆ ಸೂಚನೆಯನ್ನು ಸಕಾಲಿಕವೆಂದೇ ಪರಿಗಣಿಸಬೇಕು. ಸಂಘಟಕರು ವರ್ಗಾವಣೆಯಿಂದ ತಮಗೆ ನಿಜವಾಗಿ ತಗುಲಿದ ವೆಚ್ಚಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ, ಆ ವೆಚ್ಚಕ್ಕೆ ಪುರಾವೆಯನ್ನೂ ಕೊಡಬೇಕು. ಬ್ರಿಟನ್ನಿನ 2018ರ ನಿಯಮಗಳಲ್ಲಿಯೂ ಇದೇ ವ್ಯವಸ್ಥೆ ಇದೆ. ಇದು ಎರಡು ಬಗೆಯ ಸೇವೆಗಳಾದರೂ ಸೇರಿದ ಪ್ಯಾಕೇಜಿಗೆ ಸಿಗುವ ರಕ್ಷಣೆ. ಬರೀ ಕೋಣೆ ಕಾದಿರಿಸಿದವರಿಗೆ ಈ ಹಕ್ಕಿಲ್ಲ. ಜೊತೆಗೆ ಇನ್ನೊಂದನ್ನು ಗಮನಿಸಬೇಕು: ಬಾಕಿ ಹಣ ಮತ್ತು ಹೆಚ್ಚುವರಿ ವೆಚ್ಚಕ್ಕೆ ಬಿಟ್ಟುಕೊಟ್ಟವರು, ಪಡೆದುಕೊಂಡವರು ಇಬ್ಬರೂ ಜಂಟಿಯಾಗಿ ಹೊಣೆ. ಹಿಂದೆ ಸರಿದ ನಿಮ್ಮ ಜೊತೆಯವರಿಗೂ ಇದನ್ನು ತಿಳಿಸಿಬಿಡಿ.

ಸಾಮಾನ್ಯ ವಿಮಾನವಾದರೆ, ಜೊತೆಯವರ ಟಿಕೆಟನ್ನು ರದ್ದು ಮಾಡಿಸಿ ವಾಪಸಾಗುವ ತೆರಿಗೆಯ ಭಾಗವನ್ನು ಪಡೆದು, ತಮ್ಮನಿಗೆ ಹೊಸ ಟಿಕೆಟ್ ಕೊಂಡು, ರೆಸಾರ್ಟ್ ಮತ್ತು ಕಾರಿನಲ್ಲಿ ಮಾತ್ರ ಹೆಸರು ತಿದ್ದಿಸುವುದು ಎಷ್ಟಕ್ಕೆ ಬೀಳುತ್ತದೆಂದು ಲೆಕ್ಕ ಕೇಳಿ. ಏಜೆನ್ಸಿಯವರು ವಿಮಾನದ ಹೆಸರನ್ನೂ ಬದಲಿಸಿದ್ದೇವೆ ಎಂದರೆ, ಕೇವಲ ಬುಕಿಂಗ್ ಸಂಕೇತ ನೋಡಿ ಸಮಾಧಾನಪಡದೆ ಟಿಕೆಟ್ ಸಂಖ್ಯೆಯನ್ನು ಕೇಳಿ. ಅದು 13 ಅಂಕೆಗಳದ್ದು, ಮೊದಲ 3 ಅಂಕೆಗಳು ವಿಮಾನ ಸಂಸ್ಥೆಯನ್ನು ಸೂಚಿಸುತ್ತವೆ. ಹೊಸ ಪ್ರಯಾಣಿಕನಿಗೆ ಹೊಸ ಟಿಕೆಟ್ ಸಂಖ್ಯೆ ಬಂದು, ಅದು ತಮ್ಮನ ಹೆಸರಿನಲ್ಲಿ ವಿಮಾನ ಸಂಸ್ಥೆಯ ವೆಬ್‌ಸೈಟ್‌ನಲ್ಲಿಯೇ ತೆರೆದುಕೊಂಡರೆ ಮಾತ್ರ ಕೆಲಸ ಮುಗಿದಂತೆ.

ಪ್ರವಾಸ ವಿಮೆಯನ್ನು ಮರೆಯಬೇಡಿ. ಅದು ಹೆಸರಿಸಿದ ವ್ಯಕ್ತಿಯ ವಯಸ್ಸು, ಆರೋಗ್ಯ ನೋಡಿ ಕೊಟ್ಟದ್ದು. ತಮ್ಮನಿಗೆ ಬೇರೆಯದೇ ಬೇಕು. ಜೊತೆಯವರು ಅನಾರೋಗ್ಯದ ಕಾರಣಕ್ಕೆ ಹಿಂದೆ ಸರಿದಿದ್ದರೆ, ಹೆಸರು ವರ್ಗಾಯಿಸುವ ಮೊದಲೇ ಅವರು ತಮ್ಮ ವಿಮಾ ಕಂಪನಿಯನ್ನು ಕೇಳುವುದು ಒಳ್ಳೆಯದು. ಸ್ಥಾನವನ್ನು ಇನ್ನೊಬ್ಬರಿಗೆ ಕೊಟ್ಟು ಹಣ ಪಡೆದ ಮೇಲೆ ಪರಿಹಾರ ಕೇಳಲು ನಷ್ಟವೇ ಉಳಿದಿರುವುದಿಲ್ಲ.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ ಇದೆ. ಬುಕಿಂಗ್‌ನಲ್ಲಿ ತಂದೆಯ ಹೆಸರನ್ನು ಅಲ್ಲಿ ತುಂಬಿದ್ದೆ. ಹೆಂಡತಿಯ ಹೆಸರಿನಲ್ಲಿ ಒಂದು ಅಕ್ಷರವೂ ತಪ್ಪಿದೆ. ತಿದ್ದಿಸಬೇಕೇ?

ಉತ್ತರ: ರೆಸಾರ್ಟಿನ ಮಟ್ಟಿಗೆ ಒಂದು ಅಕ್ಷರದ ತಪ್ಪು ತೊಂದರೆ ಕೊಡುವುದು ಅಪರೂಪ, ಗುರುತಿನ ಚೀಟಿ ನೋಡಿ ಅಲ್ಲಿಯೇ ತಿದ್ದಿಕೊಳ್ಳುತ್ತಾರೆ. ಅದೇ ಹೆಸರನ್ನು ವಿಮಾನದ ಟಿಕೆಟ್ಟಿಗೂ ನಕಲು ಮಾಡಿದ್ದರೆ ಈಗಲೇ ತಿದ್ದಿಸಿ. ವಿಮಾನ ಸಂಸ್ಥೆಗಳು ಅಕ್ಷರ ತಪ್ಪಿನ ತಿದ್ದುಪಡಿಯನ್ನೂ ವ್ಯಕ್ತಿಯ ಬದಲಾವಣೆಯನ್ನೂ ಬೇರೆಯಾಗಿ ನೋಡುತ್ತವೆ, ಮೊದಲನೆಯದಕ್ಕೆ ಸಾಮಾನ್ಯವಾಗಿ ಅವಕಾಶವಿದೆ. ಬರೆಯುವಾಗ ‘ಹೆಸರು ಬದಲಿಸಿ’ ಎನ್ನದೆ ‘ಅಕ್ಷರ ತಪ್ಪು ಸರಿಪಡಿಸಿ, ವ್ಯಕ್ತಿ ಅವರೇ’ ಎಂದು ಸ್ಪಷ್ಟವಾಗಿ ಹೇಳಿ.

ಯಾವ ಕಾಗುಣಿತ ಸರಿ ಎಂಬ ಅನುಮಾನಕ್ಕೆ ಪಾಸ್‌ಪೋರ್ಟ್‌ನ ಭಾವಚಿತ್ರವಿರುವ ಪುಟದ ಅಡಿಯಲ್ಲಿಯೇ ಉತ್ತರವಿದೆ. ಯಂತ್ರ ಓದಲೆಂದು ಅಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಮೊದಲ ಸಾಲಿನಲ್ಲಿ ದೇಶದ ಸಂಕೇತವಾದ ಮೇಲೆ ಕುಟುಂಬದ ಹೆಸರು, ಬಳಿಕ ಎರಡು ಬಾಣದ ಗುರುತು, ಬಳಿಕ ಸ್ವಂತ ಹೆಸರು ಬರುತ್ತದೆ. ಹೆಸರಿಗೆ ಇರುವುದು 39 ಸ್ಥಾನಗಳು, ಆದ್ದರಿಂದ ಬಹಳ ಉದ್ದದ ಹೆಸರು ಅಲ್ಲಿ ಮೊಟಕಾಗಿರಬಹುದು. ಗಡಿಯಲ್ಲಿ ಯಂತ್ರ ಓದುವುದು ಈ ಸಾಲನ್ನೇ. ಒಂದೇ ಹೆಸರಿನವರಿಗೆ ಟಿಕೆಟ್ಟಿನಲ್ಲಿ ಏನು ತುಂಬಬೇಕೆಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ: ಕೆಲವರು ಅದೇ ಹೆಸರನ್ನು ಎರಡು ಸಲ ತುಂಬಲು ಹೇಳುತ್ತಾರೆ, ಕೆಲವರು ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಳಸುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಇಲ್ಲದ ತಂದೆಯ ಹೆಸರನ್ನು ಟಿಕೆಟ್ಟಿನಲ್ಲಿ ಬಿಡಬೇಡಿ, ರೆಸಾರ್ಟಿನ ಬುಕಿಂಗ್‌ನಿಂದಲೂ ತೆಗೆಸಿ. ಎರಡೂ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರುವುದು ವೀಸಾ ಪರಿಶೀಲನೆಯಲ್ಲಿಯೂ ನೆರವಾಗುತ್ತದೆ.

ಪ್ರಶ್ನೆ: ನಮಗೆ ವರ್ಷಕ್ಕೊಂದು ವಾರದ ಟೈಮ್‌ಶೇರ್ (ರೆಸಾರ್ಟಿನ ವಸತಿಯನ್ನು ಹಲವರು ಸರದಿಯಲ್ಲಿ ಹಂಚಿಕೊಳ್ಳುವ ವ್ಯವಸ್ಥೆ) ಸದಸ್ಯತ್ವವಿದೆ. ಆ ವಾರವನ್ನು ಬಿಟ್ಟುಕೊಟ್ಟು ವಿನಿಮಯದಲ್ಲಿ ಬೇರೊಂದು ರೆಸಾರ್ಟ್ ಪಡೆದಿದ್ದೇವೆ. ನಮ್ಮ ಬದಲು ಮಗಳು, ಅಳಿಯ ಹೋಗಬಹುದೇ?

ಉತ್ತರ: ಹೋಗಬಹುದು, ಆದರೆ ಮಕ್ಕಳೆಂಬ ಕಾರಣಕ್ಕೆ ತಾನಾಗಿಯೇ ಅಲ್ಲ. ಆರ್‌ಸಿಐ, ಇಂಟರ್‌ವಲ್ ಇಂಟರ್‌ನ್ಯಾಷನಲ್‌ನಂತಹ ವಿನಿಮಯ ಸಂಸ್ಥೆಗಳಲ್ಲಿ ಸದಸ್ಯರಿಲ್ಲದೆ ಬೇರೆಯವರು ತಂಗಲು ಅತಿಥಿ ಪ್ರಮಾಣಪತ್ರ ಪಡೆಯಬೇಕು. ಅದರಲ್ಲಿ ಮಗಳ ಅಥವಾ ಅಳಿಯನ ಹೆಸರು ನಮೂದಾಗಿ, ಅವರೇ ಗುರುತಿನ ಚೀಟಿಯೊಂದಿಗೆ ಚೆಕ್-ಇನ್ ಮಾಡಬೇಕು. ತಂಗುವವರಿಗೆ ಕನಿಷ್ಠ ವಯಸ್ಸಿನ ಷರತ್ತೂ ಇರಬಹುದು. ಅಲ್ಲಿ ಆಗುವ ಹಾನಿಗೆ ಸದಸ್ಯರಾದ ನೀವೇ ಹೊಣೆಯಾಗಿ ಉಳಿಯುತ್ತೀರಿ ಎಂಬುದನ್ನು ಅವರಿಗೂ ತಿಳಿಸಿ. ಈ ಪ್ರಮಾಣಪತ್ರ ಬಂಧುಮಿತ್ರರಿಗೆ ಕೊಡಲೆಂದು ಇರುವುದು. ಹಣಕ್ಕೆ ಮಾರಿದ್ದು ಗೊತ್ತಾದರೆ ಬುಕಿಂಗ್ ರದ್ದಾಗುವ ಅಪಾಯವಿದೆ.

ಪ್ರಶ್ನೆ: ಇಬ್ಬರು ದೊಡ್ಡವರು, ಒಂದು ಮಗು ಎಂದು ಕಾದಿರಿಸಿದ್ದೆವು. ಮಗುವಿನ ಬದಲು ನಮ್ಮ ಅತ್ತೆಯವರು ಬರುತ್ತಾರೆ. ತಲೆ ಎಣಿಕೆ ಮೂರೇ ಆದ್ದರಿಂದ ಇದು ಹೆಸರು ಬದಲಾವಣೆಯೇ ತಾನೇ?

ಉತ್ತರ: ಅಲ್ಲ. ರೆಸಾರ್ಟಿನ ದರವೂ ಕೋಣೆಯ ಮಿತಿಯೂ ವಯಸ್ಸಿನ ಮೇಲೆ ನಿಂತಿವೆ. ಇಬ್ಬರು ದೊಡ್ಡವರು ಮತ್ತು ಒಂದು ಮಗುವಿಗೆ ಮಾತ್ರ ಅನುಮತಿ ಇರುವ ಕೋಣೆಯಲ್ಲಿ ಮೂರನೆಯ ದೊಡ್ಡವರಿಗೆ ಹಾಸಿಗೆಯೇ ಹಿಡಿಯದಿರಬಹುದು, ಎಲ್ಲವೂ ಸೇರಿದ ದರವಾದರೆ ವ್ಯತ್ಯಾಸದ ಹಣವನ್ನೂ ಕೇಳುತ್ತಾರೆ. ಮುಂಚಿತವಾಗಿ ತಿಳಿಸಿದರೆ ಹೆಚ್ಚುವರಿ ಹಾಸಿಗೆಗೆ ಏರ್ಪಾಡಾಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗಿ ರಿಸೆಪ್ಷನ್‌ನಲ್ಲಿ ಚರ್ಚೆಗೆ ನಿಲ್ಲುವಂತಾಗಬಾರದು. ಇದಕ್ಕೆ ವಿರುದ್ಧವಾಗಿ, ಬೇರೆಯವರ ಮಗುವನ್ನು ಪಟ್ಟಿಗೆ ಸೇರಿಸುವವರು ಹೆತ್ತವರ ಲಿಖಿತ ಒಪ್ಪಿಗೆ ಪತ್ರವನ್ನು ಜೊತೆಗಿಟ್ಟುಕೊಳ್ಳಿ. ಗಡಿ ದಾಟುವ ಪ್ರವಾಸದಲ್ಲಿ ಅದನ್ನು ಕೇಳುವ ಸಂಭವ ಹೆಚ್ಚು.

ಪ್ರಶ್ನೆ: ಪರಿಚಯವಿಲ್ಲದವರೊಬ್ಬರು ತಾವು ಹೋಗಲಾಗದ ರೆಸಾರ್ಟ್ ಬುಕಿಂಗನ್ನು ಅರ್ಧ ಬೆಲೆಗೆ ಕೊಡುತ್ತೇನೆ, ಹೆಸರು ಬದಲಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ರೆಸಾರ್ಟ್ ಒಪ್ಪಿದರೆ ಕೊಳ್ಳಬಹುದು, ಮತ್ತು ಆ ಒಪ್ಪಿಗೆ ನಿಮಗೆ ನೇರವಾಗಿ ರೆಸಾರ್ಟಿನಿಂದಲೇ ಬರಬೇಕು. ಮಾರುವವರು ಕಳುಹಿಸಿದ ದೃಢೀಕರಣದ ಚಿತ್ರವನ್ನು ನಂಬಬೇಡಿ. ಅದನ್ನು ತಿದ್ದುವುದು ಯಾರಿಗೂ ಕಷ್ಟವಲ್ಲ. ರೆಸಾರ್ಟಿನ ಫೋನ್ ಸಂಖ್ಯೆಯನ್ನು ಅವರಿಂದ ಪಡೆಯದೆ ನೀವೇ ಹುಡುಕಿ ಕರೆ ಮಾಡಿ. ಅತಿಥಿಯ ಖಾಸಗಿತನ ಕಾಪಾಡಲು ರೆಸಾರ್ಟಿನವರು ನಿಮಗೆ ವಿವರ ಹೇಳದಿರಬಹುದು, ಆಗ ಮಾರುವವರನ್ನೂ ಅದೇ ಕರೆಗೆ ಸೇರಿಸಿಕೊಳ್ಳಿ. ಬುಕಿಂಗ್ ಪೂರ್ತಿ ಹಣ ಸಂದಾಯವಾದದ್ದೇ, ದರ ವರ್ಗಾಯಿಸಬಹುದಾದದ್ದೇ, ಯಾವ ಕಾರ್ಡ್‌ನಿಂದ ಹಣ ಹೋಗಿದೆ ಎಂದು ಕೇಳಿ. ಕದ್ದ ಕಾರ್ಡ್‌ನಿಂದ ಮಾಡಿದ ಬುಕಿಂಗ್‌ಗಳನ್ನು ಹೀಗೆ ಅಗ್ಗಕ್ಕೆ ಮಾರುವುದು ಹಳೆಯ ವಂಚನೆ. ನಿಜವಾದ ಕಾರ್ಡ್‌ದಾರರು ದೂರು ಕೊಟ್ಟು ಹಣ ಹಿಂಪಡೆದಾಗ ನಿಮ್ಮ ಹೆಸರಿನ ಕೋಣೆಯೂ ಹೋಗುತ್ತದೆ, ನೀವು ಕೊಟ್ಟ ಹಣವೂ ಹೋಗುತ್ತದೆ. ಇನ್ನೊಂದು ಅಪಾಯ ಹೆಸರು ಬದಲಾದ ಮೇಲೂ ಉಳಿಯುವಂಥದ್ದು: ಬುಕಿಂಗ್ ಮಾರುವವರ ವೆಬ್‌ಸೈಟ್ ಖಾತೆಯಲ್ಲಿಯೇ ಇರುವುದರಿಂದ ಅವರು ನೀವು ಹೊರಡುವ ಹಿಂದಿನ ದಿನವೂ ಅದನ್ನು ರದ್ದು ಮಾಡಬಲ್ಲರು. ಬುಕಿಂಗನ್ನು ನಿಮ್ಮ ಇಮೇಲ್ ವಿಳಾಸಕ್ಕೆ ವರ್ಗಾಯಿಸಲು ವೆಬ್‌ಸೈಟ್ ಒಪ್ಪದಿದ್ದರೆ, ಹಣದ ದೊಡ್ಡ ಭಾಗವನ್ನು ಚೆಕ್-ಇನ್ ಆದ ಮೇಲೆ ಕೊಡುವುದೆಂದು ಮಾತಾಡಿಕೊಳ್ಳಿ. ಅದಕ್ಕೂ ಅವರು ಸಿದ್ಧರಿಲ್ಲವಾದರೆ ಅರ್ಧ ಬೆಲೆಯಾದರೂ ಬಿಟ್ಟುಬಿಡಿ.